ಗೊಡ್ಡು ಎಂಬ ಷರಾ

ಕನ್ನಡದಲ್ಲಿ 'ಗೊಡ್ಡು' ಎಂಬ ಪದಕ್ಕೆ ಕೆಲಸ ಬಹಳ. ಬೇಳೆಯಿಲ್ಲದೆ ಕುದಿಸಿದ್ದು ಗೊಡ್ಡು ಸಾರು, ಹುರುಳಿಲ್ಲದ ಮಾತು ಗೊಡ್ಡು ಹರಟೆ, ಯಾರಿಗೂ ಬೇಡವಾದರೂ ಬಿಡಲು ಧೈರ್ಯವಿಲ್ಲದ್ದು ಗೊಡ್ಡು ಸಂಪ್ರದಾಯ. ದನದ ಡಾಕ್ಟರಾದ ನನ್ನ ಕಿವಿಗೆ ಅದು ವಾರಕ್ಕೆ ನಾಲ್ಕೈದು ಸಲವಾದರೂ ಬೀಳುತ್ತದೆ. "ಗೊಡ್ಡು ಬಿದ್ದೈತ್ರಿ, ಏನರ ಇಂಜೆಕ್ಷನ್ ಮಾಡ್ರಿ" ಎನ್ನುತ್ತಾರೆ. ಮುಂದಿನ ಸಲ ಅದೇ ಮನೆಗೆ ಹೋದಾಗ ಆ ಎಮ್ಮೆ ಅಲ್ಲಿರುವುದಿಲ್ಲ. ನಮ್ಮ ರಿಜಿಸ್ಟರಿನ ಕೊನೆಗೆ 'ಷರಾ' ಅಂತ ಒಂದು ಕಾಲಮ್ಮು ಇದೆ. ಅಲ್ಲಿ ನಾನು ಈ ಪದವನ್ನು ಬರೆದವಳಲ್ಲ. ಯಾಕೆಂದರೆ ಅದು ರೋಗದ ಹೆಸರಲ್ಲ, ಹುಡುಕುವುದನ್ನು ನಿಲ್ಲಿಸಿದ ಮೇಲೆ ಇಡುವ ಹೆಸರು.

ಜೊಯಿಡಾದಲ್ಲಿ ಈ ಪದವನ್ನು ಒಂದು ಕುದುರೆಯ ಬಗ್ಗೆ ಕೇಳುತ್ತೇನೆಂದು ಮಾತ್ರ ಅಂದುಕೊಂಡಿರಲಿಲ್ಲ. ಇದು ಕಾಡಿನ ತಾಲ್ಲೂಕು. ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರವಾದ ಊರು ನಮ್ಮದು. ಇಲ್ಲಿನ ಜಾನುವಾರು ಅಂದರೆ ಗೌಳಿಗರ ಎಮ್ಮೆ, ಕುಣಬಿಗಳ ಸಣ್ಣ ಮೈಯ ಆಕಳು, ಮನೆಮನೆಯ ಕೋಳಿ. ಗಣೇಶಗುಡಿಯಲ್ಲಿ ದೋಣಿ ತೇಲಿಸುವ ಆಟ ಶುರುವಾದ ಮೇಲೆ ಸುತ್ತಮುತ್ತ ಹೋಮ್‌ಸ್ಟೇಗಳು ಎದ್ದವು. ಅಂಥದ್ದೊಂದರ ಯಜಮಾನರು ಬಂದವರನ್ನು ಕೂರಿಸಿ ಸುತ್ತು ಹಾಕಿಸಲೆಂದು ಒಂದು ಹೆಣ್ಣುಗುದುರೆ ತಂದಿದ್ದರು. ಥರೋಬ್ರೆಡ್ ತಳಿ, ಹದಿನಾಲ್ಕು ವರ್ಷ. ಚಿಕ್ಕಂದಿನಲ್ಲಿ ರೇಸಿನಲ್ಲಿ ಓಡಿ, ಆಮೇಲೆ ಒಂದು ಸವಾರಿ ಶಾಲೆಯಲ್ಲಿ ದುಡಿದು, ಕೊನೆಗೆ ಈ ಕಾಡಿಗೆ ಬಂದವಳು. ಇಲ್ಲಿ ಅವಳ ಹೆಸರು ರಾಣಿ.

ಯಜಮಾನರಿಗೆ ಅವಳಿಂದ ಒಂದು ಮರಿ ಬೇಕಿತ್ತು. ಎರಡು ವರ್ಷ ಬೆಳಗಾವಿ ಕಡೆಯ ಒಬ್ಬರ ಮಾರ್ವಾಡಿ ಗಂಡುಗುದುರೆಯ ಹತ್ತಿರ ಲಾರಿಯಲ್ಲಿ ಕಳಿಸಿದ್ದರು. ಗಬ್ಬ ನಿಂತಿರಲಿಲ್ಲ. ಲಾಯದ ಹುಡುಗ ನಾನು ಗೇಟು ದಾಟುವ ಮೊದಲೇ ತೀರ್ಪು ಕೊಟ್ಟ: "ಗೊಡ್ಡ ಕುದ್ರಿ ರೀ ಬಾಯಾರ. ಗಾಡಿ ಬಾಡಿಗಿ ಕೊಟ್ಟದ್ದಷ್ಟ ಬಂತು." ಯಜಮಾನರು ಬೆಂಗಳೂರಿನವರು, ಅವರ ತರ್ಕ ಬೇರೆ. "ಡಾಕ್ಟ್ರೇ, ಇವಳು ಒಂದು ಸಲವೂ ಮರಿ ಹಾಕಿದವಳಲ್ಲ. ಗರ್ಭಕೋಶ ಹೊಸದೇ ಇರಬೇಕಲ್ವಾ?" ಈ ಸಲವೂ ಆಗದಿದ್ದರೆ ಕೊಟ್ಟುಬಿಡುತ್ತೇನೆ ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಹದಿನೈದು ದಾಟಿದ ಓಟದ ಕುದುರೆ ಕೈಯಿಂದ ಕೈಗೆ ಹೋಗುತ್ತ ಯಾವುದೋ ಮದುವೆ ಮೆರವಣಿಗೆಯ ಪಟಾಕಿ ಸದ್ದಿನ ನಡುವೆ ನಿಂತಿರುತ್ತದೆ.

ಗರ್ಭಕೋಶ ಹೊಸದಿರಬೇಕಲ್ವಾ ಎಂಬ ಮಾತಿನಲ್ಲಿ ಒಂದು ಹಳೆಯ ನಂಬಿಕೆ ಅಡಗಿದೆ. ಬಳಸದ ಪಾತ್ರೆ ಸವೆಯುವುದಿಲ್ಲ ಎಂಬಂತೆ. ಕುದುರೆಯ ವಿಷಯದಲ್ಲಿ ಇದು ತಿರುವುಮುರುವು. ತಡವಾಗಿ ಮೊದಲ ಸಲ ಗಂಡಿನ ಹತ್ತಿರ ಹೋಗುವ ಹೆಣ್ಣುಗುದುರೆಯ ಗರ್ಭಕೊರಳು ಬೆದೆಯಲ್ಲೂ ಸಡಿಲವಾಗಿ ತೆರೆಯುವುದಿಲ್ಲ. ಒಳಗೆ ಹೋದದ್ದು ಹೊರಗೆ ಬರಲು ದಾರಿಯಿರುವುದಿಲ್ಲ. ಮರಿ ಹಾಕದಿದ್ದರೂ ವರ್ಷಗಳು ಗರ್ಭಕೋಶದ ಒಳಪದರವನ್ನು ಮಾಗಿಸುತ್ತವೆ, ಅಲ್ಲಲ್ಲಿ ನಾರು ಕಟ್ಟುತ್ತದೆ. ಹಾಗೆಂದು ಬಹಳ ಮರಿ ಹಾಕಿದವಳೇ ಮೇಲು ಎನ್ನುವಂತೆಯೂ ಇಲ್ಲ. ಅವಳ ಗರ್ಭಕೋಶ ಜೋತುಬಿದ್ದು ಹೊಟ್ಟೆಯ ತಳಕ್ಕೆ ಇಳಿದಿರುತ್ತದೆ, ಬಾವಿಯ ಕೆಳಗಿನ ನೀರಿನಂತೆ ದ್ರವ ಅಲ್ಲೇ ನಿಲ್ಲುತ್ತದೆ.

ನನ್ನ ಕುದುರೆ ಜ್ಞಾನವೆಲ್ಲ ಪುಸ್ತಕದ್ದು. ಜೊತೆಗೆ ಕಾಲೇಜಿನ ದಿನಗಳಲ್ಲಿ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ನೋಡಿದ್ದು ಅಷ್ಟಿಷ್ಟು. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಹುಟ್ಟಿದ್ದೆನ್ನುವ ಆ ಜಾಗ ಈಗ ರೇಸಿನ ಕುದುರೆಗಳದ್ದು. ಅಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಗಂಡುಗುದುರೆಗಳ ಬೆಲೆಯಲ್ಲ, ಹೆಣ್ಣುಗುದುರೆಗಳ ಮೇಲಿಟ್ಟ ಕಣ್ಣು. ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆಯಿಲ್ಲ, ಜೋಡಿ ಕಟ್ಟಿಸಲೇಬೇಕು. ಮರಿ ಯಾವ ತಿಂಗಳು ಹುಟ್ಟಿದರೂ ಜನವರಿ 1ಕ್ಕೆ ಅದಕ್ಕೆ ಒಂದು ವರ್ಷ ತುಂಬಿತೆಂದು ಲೆಕ್ಕ. ಹೊತ್ತು ಉದ್ದವಾಗುವ ಕಾಲಕ್ಕೆ ಬೆದೆಗೆ ಬರುವುದು ಕುದುರೆಯ ಸ್ವಭಾವ, ಗರ್ಭ ಹೊರುವುದು ಹನ್ನೊಂದು ತಿಂಗಳು. ಆದ್ದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಒಂದು ಬೆದೆ ತಪ್ಪಿದರೂ ಮರಿಯ ಬೆಲೆ ಇಳಿಯುತ್ತದೆ. ಹೀಗಾಗಿ ದಿನ ಬಿಟ್ಟು ದಿನ ಸ್ಕ್ಯಾನು, ಅಂಡಕೋಶಿಕೆ ಮಿಲಿಮೀಟರಿನಲ್ಲಿ ಎಷ್ಟು ಬೆಳೆಯಿತೆಂಬ ಪಟ್ಟಿ, ಗರ್ಭಕೋಶದಲ್ಲಿ ಒಂದು ಚಮಚ ದ್ರವ ಕಂಡರೂ ಚರ್ಚೆ.

ಕುದುರೆಯ ಬಸಿರಿನ ಚಿಂತೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಹದಿಮೂರನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದ ಮಾರ್ಕೋ ಪೋಲೋ, ಇಲ್ಲಿ ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣನ್ನು ಕಟ್ಟಿಸಿದರೂ ಹುಟ್ಟುವುದು ಸೊಟ್ಟಗಾಲಿನ ಕುಳ್ಳ ಮರಿ ಎಂದು ಬರೆದಿಟ್ಟಿದ್ದಾನೆ. ವಿಜಯನಗರದ ಅರಸರು ಸಮುದ್ರದಾಚೆಯಿಂದ ವರ್ಷವರ್ಷವೂ ಕುದುರೆ ಕೊಳ್ಳುತ್ತಿದ್ದರು. ಪೋರ್ಚುಗೀಸ್ ನೂನಿಜ್ ಕೊಡುವ ಲೆಕ್ಕ ವರ್ಷಕ್ಕೆ 13,000. ಅದಕ್ಕೂ ಹಿಂದೆ ನರಸಿಂಹರಾಯನ ಕಾಲದಲ್ಲಿ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಹಣವೇ ಸಿಗುತ್ತಿತ್ತಂತೆ! ಬಾಲಕ್ಕೂ ದುಡ್ಡು ಕೊಡುವಷ್ಟು ಗರಜು. ಆ ಕುದುರೆಗಳು ಗೋವೆಯಲ್ಲೂ ಭಟ್ಕಳದಲ್ಲೂ ಇಳಿದು ಘಟ್ಟ ಹತ್ತಿ ಹೋದವು. ಜೊಯಿಡಾದಲ್ಲಿ ಕೂತು ಗೋವೆಯ ಕಡೆಯ ಘಟ್ಟ ನೋಡುವಾಗ ಇದು ನೆನಪಾಗುತ್ತದೆ.

ರಾಣಿಯ ಹಿಂದೆ ನಿಂತು ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಓಟದ ಕುದುರೆಯ ತೆಳ್ಳನೆ ಮೈ, ಹಿಂಭಾಗದಲ್ಲಿ ಕೊಬ್ಬೇ ಇಲ್ಲ. ಗುದದ್ವಾರ ಒಳಕ್ಕೆ ಕುಸಿದಿತ್ತು. ಅದರ ಕೆಳಗೆ ನೇರ ನಿಲ್ಲಬೇಕಾದ ಯೋನಿದ್ವಾರ ಮೇಲ್ಭಾಗದಲ್ಲಿ ಒರಗಿ ಬಾಗಿತ್ತು. ಲದ್ದಿ ಬೀಳುವುದು ಅದರ ಮೇಲೆಯೇ. ಹುಡುಗನಿಗೆ ಅವಳನ್ನು ನಾಲ್ಕು ಹೆಜ್ಜೆ ನಡೆಸು ಎಂದೆ. ಒದ್ದೆ ಚೀಲಕ್ಕೆ ಗಾಳಿ ನುಗ್ಗಿದಂತೆ ಪುಸ್ ಎಂಬ ಸದ್ದು. ಅವನು ನಕ್ಕ. "ಹೂಸು ಬಿಡ್ತೈತ್ರಿ ಯಾವಾಗ್ಲೂ." ಅದು ಹೂಸಲ್ಲ. ಗಾಳಿ ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು. ಗಾಳಿಯ ಜೊತೆ ಧೂಳು, ಲದ್ದಿ, ಅದರೊಳಗಿನ ಬ್ಯಾಕ್ಟೀರಿಯಾ. ಎರಡು ವರ್ಷ ಅವಳನ್ನು ಲಾರಿ ಹತ್ತಿಸಿದ ಯಾರೂ ಆ ಸದ್ದಿಗೆ ಕಿವಿಗೊಟ್ಟಿರಲಿಲ್ಲ.

ಹುಬ್ಬಳ್ಳಿಯ ಗೆಳತಿಯ ಹತ್ತಿರ ಸಣ್ಣ ಸ್ಕ್ಯಾನಿಂಗ್ ಮಶೀನು ತಂದು ಒಂದು ಭಾನುವಾರ ನೋಡಿದೆ. ಪರದೆಯ ಮೇಲೆ ಗರ್ಭಕೋಶದ ಬೂದು ಗೋಡೆಗಳ ನಡುವೆ ಕಪ್ಪು ಕೊಳ, ಅದರಲ್ಲಿ ತೇಲುವ ಚುಕ್ಕಿಗಳು. ಕಪ್ಪು ಅಂದರೆ ದ್ರವ, ಚುಕ್ಕಿ ಅಂದರೆ ಕೀವು. ಒಳಗಿನ ಲೋಳೆಯನ್ನು ಪರೀಕ್ಷೆಗೆ ಕಳಿಸಿದರೆ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಕುದುರೆಯ ಗರ್ಭಕೋಶದಲ್ಲಿ ಅತಿ ಹೆಚ್ಚು ಸಿಗುವ ಅತಿಥಿ ಅದು. ಒಳಪದರದ ಒಂದು ಅಕ್ಕಿಕಾಳಿನಷ್ಟು ಚೂರು ತೆಗೆದು ಪರಿಚಯದ ರೋಗಶಾಸ್ತ್ರದವರಿಗೆ ಕಳಿಸಿದೆ. ಕೆನಿ ಮತ್ತು ಡಾಯ್ಗ್ ಎಂಬಿಬ್ಬರು 1986ರಲ್ಲಿ ನಿಗದಿ ಮಾಡಿದ ನಾಲ್ಕು ದರ್ಜೆಗಳಿವೆ. ಮೊದಲ ದರ್ಜೆಯ ಗರ್ಭಕೋಶವಾದರೆ ನೂರಕ್ಕೆ 80-90 ಕುದುರೆ ಮರಿ ಹಾಕಬಹುದು, ಕೊನೆಯ ದರ್ಜೆಯಲ್ಲಿ 10ಕ್ಕಿಂತ ಕಮ್ಮಿ. ರಾಣಿಯದು ಕೊನೆಯಿಂದ ಎರಡನೆಯದು. ನೂರಕ್ಕೆ 10ರಿಂದ 50. ಯಜಮಾನರಿಗೆ ಅಷ್ಟನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "50 ಅಂತ ಇಟ್ಕೊಳ್ಳೋಣ" ಎಂದರು. ಎಲ್ಲರೂ ಹಾಗೇ ಇಟ್ಟುಕೊಳ್ಳುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ಹೋರಿ, ಕೋಣಗಳ ವೀರ್ಯ ಬೀಳುವುದು ಯೋನಿಯಲ್ಲಿ. ಕುದುರೆಯದು ಸೀದಾ ಗರ್ಭಕೋಶದೊಳಕ್ಕೆ. ವೀರ್ಯಾಣು ಎಷ್ಟಾದರೂ ಪರರ ಜೀವಕೋಶ, ಅದನ್ನು ಕಂಡು ಗರ್ಭಕೋಶ ಕೆರಳುತ್ತದೆ, ಉರಿಯೂತ ಏಳುತ್ತದೆ. ಇದು ರೋಗವಲ್ಲ, ಗಟ್ಟಿಮುಟ್ಟಾದ ಕುದುರೆಯಲ್ಲೂ ಪ್ರತಿ ಸಲ ಆಗುವಂಥದ್ದು. ಗಟ್ಟಿಯಾದ ಗರ್ಭಕೋಶ ತನ್ನನ್ನು ತಾನೇ ಹಿಂಡಿಕೊಂಡು ಒಂದೆರಡು ದಿನದಲ್ಲಿ ಎಲ್ಲವನ್ನೂ ಹೊರಗೆ ಹಾಕುತ್ತದೆ. ಭ್ರೂಣ ಅಂಡನಾಳದಿಂದ ಕೆಳಗಿಳಿಯುವುದು ಆರನೇ ದಿನದ ಹೊತ್ತಿಗೆ, ಅಷ್ಟರಲ್ಲಿ ಮನೆ ಗುಡಿಸಿರುತ್ತದೆ. ಹಿಂಡುವ ಶಕ್ತಿ ಕುಂದಿದವಳಲ್ಲಿ, ಕೊರಳು ತೆರೆಯದವಳಲ್ಲಿ ಗುಡಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಭ್ರೂಣ ಬಂದು ಇಳಿಯುವುದು ಕೀವಿನ ಕೊಳಕ್ಕೆ. ರಾಣಿಗೆ ಹಿಂದಿನ ಎರಡು ವರ್ಷವೂ ಗರ್ಭ ಕಟ್ಟಿರಲಿಕ್ಕೆ ಸಾಕು, ನಿಲ್ಲಲು ಜಾಗ ಸಿಕ್ಕಿರಲಿಕ್ಕಿಲ್ಲ ಎಂದು ನನ್ನ ಊಹೆ.

ಹಾಗಾಗಿ ಮಾಡಬೇಕಾದ್ದು ತೊಳೆಯುವ ಕೆಲಸ. ದಾಂಡೇಲಿಯ ಮೆಡಿಕಲ್ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆ ಸಲೈನ್ ಕೇಳಿದೆ. ಅಂಗಡಿಯವರಿಗೆ ಗಾಬರಿ. "ಯಾರು ಸೀರಿಯಸ್ ಅದಾರ್ರಿ?" ಕುದುರೆಗೆ ಎಂದೆ. "ಕುದುರಿಗೆ ಕೈಯಾಗ ಹಚ್ತಾರೇನ್ರಿ ಕಾಲಾಗ?" ಎಂದರು. ನಾನು ಉತ್ತರಿಸದೆ ಬಿಲ್ಲು ತೆಗೆದುಕೊಂಡೆ.

ಬೆಚ್ಚಗಿನ ಸಲೈನನ್ನು ಲೀಟರಿನಷ್ಟು ಒಳಗೆ ಬಿಟ್ಟು, ಅದೇ ನಳಿಕೆಯಲ್ಲಿ ಹೊರಗೆ ಇಳಿಸುವುದು. ಮೊದಲ ಲೀಟರು ಅಕ್ಕಿ ತೊಳೆದ ನೀರಿನ ಹಾಗೆ ಬಂತು. ಮೂರನೆಯ ದಿನ ಬಂದ ನೀರು ಗಾಜಿನ ಬಾಟಲಿಯಲ್ಲಿ ಹಿಡಿದರೆ ಆಚೆಯ ಮರ ಕಂಡಿತು. ಜೊತೆಗೆ ಔಷಧ. ಆಮೇಲೆ ಆ ಬಾಗಿದ ದ್ವಾರದ ಕೆಲಸ. ಇ. ಎ. ಕ್ಯಾಸ್ಲಿಕ್ ಎಂಬ ಅಮೆರಿಕದ ಪಶುವೈದ್ಯ 1937ರಲ್ಲಿ ಇದರ ಬಗ್ಗೆ ಬರೆದ. ಅವನು ಹೇಳಿದ ಉಪಾಯ ದರ್ಜಿಯೂ ಒಪ್ಪುವಂಥದ್ದು: ಮರಗಟ್ಟಿಸಿ, ದ್ವಾರದ ಮೇಲ್ಭಾಗದ ಅಂಚುಗಳನ್ನು ತೆಳ್ಳಗೆ ಸವರಿ, ಎರಡನ್ನೂ ಸೇರಿಸಿ ಹೊಲಿದುಬಿಡುವುದು. ಕೆಳಗೆ ಮೂತ್ರಕ್ಕೆ ಬೇಕಾದಷ್ಟು ಜಾಗ ಬಿಟ್ಟರೆ ಸಾಕು. ಇಷ್ಟೇ ಕೆಲಸ ಇವತ್ತಿಗೂ ಜಗತ್ತಿನ ಶ್ರೀಮಂತ ಲಾಯಗಳಲ್ಲಿ ನಡೆಯುತ್ತಿದೆ. ಇದನ್ನು ಮಾಡಬೇಕಾದ್ದು ಗಂಡಿನ ಹತ್ತಿರ ಕಳಿಸಿದ ಮೇಲೆ.

ಮಾರ್ಚ್ ಎರಡನೇ ವಾರ ಅವಳು ಮತ್ತೆ ಲಾರಿ ಹತ್ತಿದಳು. ಈ ಸಲ ನಾನೂ ಹೋಗಿದ್ದೆ. ಕಟ್ಟಿಸಿ ಆರು ತಾಸಿಗೆ ಸ್ಕ್ಯಾನು ಮಾಡಿದರೆ ಕಪ್ಪು ಕೊಳ ಮತ್ತೆ ಹಾಜರು. ಆಶ್ಚರ್ಯವೇನಲ್ಲ. ವೀರ್ಯಾಣುಗಳಲ್ಲಿ ಹೋಗಬೇಕಾದವು ನಾಲ್ಕು ತಾಸಿನೊಳಗೆ ಅಂಡನಾಳ ಸೇರಿರುತ್ತವೆ. ಆಮೇಲೆ ತೊಳೆದರೆ ನಷ್ಟವಿಲ್ಲ. ತೊಳೆದು, ಆಕ್ಸಿಟೋಸಿನ್ ಚುಚ್ಚಿದೆ. ಹೆರಿಗೆಯಲ್ಲಿ ಬಸಿರನ್ನು ಹಿಂಡುವ ಅದೇ ಚೋದನಿ. ಕೆಲವೇ ನಿಮಿಷಕ್ಕೆ ಗರ್ಭಕೋಶ ಮುದುಡಿ ದ್ರವ ಇಳಿಯಿತು. ರಾತ್ರಿ ಮತ್ತೊಂದು ಸಲ, ಬೆಳಿಗ್ಗೆ ಇನ್ನೊಂದು ಸಲ. ಅಂಡ ಬಿಡುಗಡೆಯಾದದ್ದು ಖಾತ್ರಿಯಾದ ಮೇಲೆ ಹೊಲಿಗೆ ಹಾಕಿ ಊರಿಗೆ ಕರೆತಂದೆವು.

ಹದಿನೈದನೇ ದಿನ ಪರದೆಯಲ್ಲಿ ಒಂದು ಗುಂಡನೆ ಕಪ್ಪು ಬೊಟ್ಟು. ಎರಡು ಸೆಂಟಿಮೀಟರು. ಕುದುರೆಯ ಭ್ರೂಣದಷ್ಟು ಅಲೆಮಾರಿ ಭ್ರೂಣ ನನಗೆ ಗೊತ್ತಿಲ್ಲ. ಆಕಳಲ್ಲಿ ಅದು ನೂಲಿನಂತೆ ಉದ್ದಕ್ಕೆ ಬೆಳೆದು ಗರ್ಭಕೋಶವನ್ನೆಲ್ಲ ಮುಟ್ಟುತ್ತದೆ. ಕುದುರೆಯಲ್ಲಿ ಗೋಲಿಯಂತೆ ದುಂಡಗಿದ್ದುಕೊಂಡೇ ಹದಿನಾರನೇ ದಿನದವರೆಗೆ ಈ ಕೊಂಬಿನಿಂದ ಆ ಕೊಂಬಿಗೆ ಉರುಳುತ್ತ, ಮೂಲೆಮೂಲೆಗೂ ಹೋಗಿ ನಾನಿದ್ದೇನೆ ಎಂದು ತಿಳಿಸಿ ಬರಬೇಕು. ಒಂದು ಮೂಲೆಗೆ ಸುದ್ದಿ ಮುಟ್ಟದಿದ್ದರೂ ಗರ್ಭಕೋಶ ಬಸಿರಿಲ್ಲವೆಂದುಕೊಂಡು ಮುಂದಿನ ಬೆದೆಗೆ ಸಿದ್ಧವಾಗಬಹುದು. ನಾನು ನೋಡುತ್ತಿದ್ದಾಗಲೇ ಆ ಬೊಟ್ಟು ಒಂದಿಷ್ಟು ಜರುಗಿತು. ಹುಡುಗನನ್ನು ಕರೆದು ತೋರಿಸಿದೆ. "ಇಷ್ಟ ಏನ್ರಿ?" ಎಂದ. ಇಪ್ಪತ್ತೆಂಟನೇ ದಿನ ಅದರೊಳಗೆ ಹೃದಯ ಮಿಣುಕುತ್ತಿದ್ದುದನ್ನು ತೋರಿಸಿದಾಗ ಮಾತ್ರ ಟೋಪಿ ತೆಗೆದ.

ಈ ವಯಸ್ಸಿನಲ್ಲಿ ಚೊಚ್ಚಲು ಹೊರಿಸುವುದು ಅವಳ ಮಟ್ಟಿಗೆ ಸರಿಯೇ ಎಂಬ ಪ್ರಶ್ನೆ ನನಗಿತ್ತು, ಈಗಲೂ ಇದೆ. ಯಜಮಾನರ ಜೊತೆ ಅದನ್ನು ಮಾತಾಡಿಯೇ ಮುಂದುವರಿದದ್ದು.

ಈ ಸುದ್ದಿ ತಾಲ್ಲೂಕಿನಲ್ಲಿ ಎಮ್ಮೆಗಳಿಗಿಂತ ಬೇಗ ನಡೆಯಿತು. ಮಳೆ ಹಿಡಿಯುವ ಮೊದಲು ಒಂದು ಗೌಳಿ ದಡ್ಡಿಯಿಂದ ಕರೆ ಬಂತು. ಡಾಂಬರು ಮುಗಿದ ಮೇಲೆ ಮೂರು ಕಿಲೋಮೀಟರು ನಡೆಯಬೇಕು. ಮನೆಯ ಹಿರಿಯಳು, ನಾನು ಮಾವಶಿ ಎನ್ನುತ್ತೇನೆ, ಅಂಗಳಕ್ಕೆ ಬಂದು, "ಕುದುರೀ ಗೊಡ್ಡ ಬಿಡಿಸಿದಿರಂತ, ಡಾಕ್ಟರ್ ಬಾಯಿ. ನಮ್ಮ ಎಮ್ಮೀನೂ ಬಿಡಿಸ್ರಿ" ಎಂದಳು. ಎರಡು ಎಮ್ಮೆ ಕಟ್ಟಿಹಾಕಿದ್ದರು. ಕೋಣ ಹಾರಿಸಿದರೂ ತಿರುತಿರುಗಿ ಬೆದೆಗೆ ಬರುತ್ತಿದ್ದವು.

ಗೌಳಿಗರಿಗೆ ಗೊಡ್ಡೆಮ್ಮೆಯೆಂದರೆ ಮೊದಲು ಸಂತೆಯ ಲೆಕ್ಕ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ ಹದಿಮೂರು ವರ್ಷದೊಳಗಿನ ಎಮ್ಮೆಯೂ ಸೇರಿದ ಮೇಲೆ ಕೊಳ್ಳುವವರು ಹಿಂಜರಿಯುತ್ತಾರೆ. ಕಾಯ್ದೆಯ ಸರಿತಪ್ಪು ಇಲ್ಲಿ ಬೇಡ. ಹಾಲು ಮಾರಿ ಬದುಕುವ ಮನೆಯಲ್ಲಿ ಐದು ವರ್ಷದ ಎಮ್ಮೆ ಕರು ಹಾಕದೆ ಇನ್ನೆಂಟು ವರ್ಷ ನಿಲ್ಲುವುದೆಂದರೆ ಏನು ಎಂಬುದನ್ನು ಮಾತ್ರ ನೆನಪಿಡಬೇಕು.

ಒಂದಾದ ಮೇಲೊಂದು ಎರಡೂ ಎಮ್ಮೆಯನ್ನು ಕೈಹಾಕಿ ನೋಡಿದೆ. ಗರ್ಭಕೋಶ ಸ್ವಚ್ಛ. ಅಂಡಾಶಯ ಚುರುಕು. ಬೆದೆಯ ಲೋಳೆ ಕನ್ನಡಿಯಂತೆ ತಿಳಿ. ತೊಳೆಯುವುದಕ್ಕೆ ಏನೂ ಇರಲಿಲ್ಲ. ಬಾಲ ಹಿಡಿದು ನಿಂತಿದ್ದವಳು ಸೊಸೆ. ಮದುವೆಯಾಗಿ ಆರು ವರ್ಷ ಎಂದು ಮಾವಶಿ ಆಗಲೇ ಹೇಳಿಯಾಗಿತ್ತು, ನಾನು ಕೇಳದಿದ್ದರೂ. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಸೊಸೆ ಎಮ್ಮೆಯ ಬೆನ್ನು ನೋಡುತ್ತ ಕೇಳಿದಳು:

"ಕೋಣಂದೂ ನೋಡ್ತೀರೇನ್ರಿ?"

ಮಾವಶಿ ನಕ್ಕಳು. "ಕೋಣಂದೇನ ನೋಡೂದು? ಹ್ಯಾಂಗ ಐತಿ ನೋಡ್ರಿ, ಗುಡ್ಡದಂಗ!"

ಕುದುರೆ ಲೋಕ ಈ ಪ್ರಶ್ನೆಗೆ ಬಹಳ ದುಡ್ಡು ಕೊಟ್ಟು ಉತ್ತರ ಕಲಿತಿದೆ. ಸಿಗಾರ್ ಎಂಬ ಅಮೆರಿಕದ ಓಟದ ಕುದುರೆ 1996ರಲ್ಲಿ ನಿವೃತ್ತನಾದಾಗ ಅವನಂಥ ಗಂಡು ಇನ್ನೊಂದಿರಲಿಲ್ಲ. ಮೊದಲ ಋತುವಿನಲ್ಲಿ 34 ಹೆಣ್ಣುಗುದುರೆಗಳನ್ನು ಕಟ್ಟಿಸಿದರು. ಒಂದೂ ಗಬ್ಬ ನಿಲ್ಲಲಿಲ್ಲ. ವಿಮಾ ಕಂಪನಿ ತೆತ್ತದ್ದು 2.5 ಕೋಟಿ ಡಾಲರ್. ಆ 34ರಲ್ಲಿ ಒಂದನ್ನೂ ಯಾರೂ ಗೊಡ್ಡು ಎನ್ನಲಿಲ್ಲ, ಎಣಿಸಿ ನೋಡುವವರಿದ್ದರು.

ದಡ್ಡಿಯಲ್ಲಿ ಎಣಿಸಿದ್ದವಳು ಸೊಸೆ. ಆ ಚಳಿಗಾಲ ಈ ಕೋಣ ಹಾರಿದ್ದು ಏಳು ಎಮ್ಮೆ, ಪಕ್ಕದ ದಡ್ಡಿಯದ್ದೂ ಸೇರಿ. ಯಾವುದು ಯಾವ ಅಮಾವಾಸ್ಯೆಯ ಹಿಂದುಮುಂದು ಬೆದೆಗೆ ಬಂತು, ಯಾವುದು ತಿರುಗಿ ಬಂತು ಎಲ್ಲ ಅವಳ ಬಾಯಲ್ಲಿ. ಏಳರಲ್ಲಿ ಐದು ತಿರುಗಿದ್ದವು. ಇನ್ನೊಂದು ಆರನೇ ತಿಂಗಳಿಗೆ ಕಂದು ಹಾಕಿತ್ತು. ಆರು ಗರ್ಭಕೋಶಗಳು ಒಟ್ಟಿಗೆ ಕೆಡುವುದು ಅಪರೂಪ. ಕೋಣವನ್ನು ಮರಕ್ಕೆ ಕಟ್ಟಿಸಿ ನೋಡಿದೆ. ಒಂದು ಬೀಜ ಊದಿ ಗಟ್ಟಿಯಾಗಿತ್ತು, ಇನ್ನೊಂದು ಸೊರಗಿ ನಿಂಬೆಯಷ್ಟಾಗಿತ್ತು. ಗುಡ್ಡದಂಥ ಮೈಗೂ ಅದಕ್ಕೂ ಸಂಬಂಧವಿಲ್ಲ. ಕೋಣದ್ದೂ ಎಮ್ಮೆಗಳದ್ದೂ ರಕ್ತ ತೆಗೆದು ಕಳಿಸಿದೆ. ಕೋಣಕ್ಕೂ, ಕಂದು ಹಾಕಿದ ಎಮ್ಮೆಗೂ ಬ್ರುಸೆಲ್ಲಾ ಇತ್ತು.

ಬ್ರುಸೆಲ್ಲಾ ದನಕರುಗಳಲ್ಲಿ ಕಂದು ಹಾಕಿಸುವ, ಗಂಡಿನ ಬೀಜ ಕೆಡಿಸುವ ರೋಗ. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದು ಲಸಿಕೆ ಹಾಕಿದರೆ ಜೀವಮಾನಕ್ಕೆ ರಕ್ಷೆ. ದಡ್ಡಿಯ ಕರುಗಳಿಗೆ ಹಾಕುವ ಕೆಲಸ ಈಗ ನಡೆದಿದೆ. ಕಂದು ಹಾಕಿದಾಗ ಕಸ ಬಳಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಅದು ಹತ್ತುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು. ಗಂಡಸರಲ್ಲಿ ಬೀಜ ಊದುವುದೂ ಉಂಟು. ವರದಿ ಹಿಡಿದುಕೊಂಡು ಮತ್ತೆ ದಡ್ಡಿಗೆ ಹೋಗಿ, ಮನೆಯವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಕೊಡಬೇಕು ಎಂದೆ.

"ಸೊಸೀನ್ನ ಕಳಸ್ತೀನಿ" ಎಂದಳು ಮಾವಶಿ.

"ಎಲ್ಲಾರೂ ಮಾವಶಿ. ಗಂಡಸರೂ."

ಆಸ್ಪತ್ರೆಗೆ ಕೊಡಲು ಚೀಟಿ ಬರೆಯತೊಡಗಿದೆ. ಮೊದಲು ಯಾರ ಹೆಸರು ಹಾಕಲಿ ಎಂದಾಗ ಸೊಸೆ, "ಅವರದು ಬರೀರಿ" ಎಂದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವಂತಿಲ್ಲ. ಅವಳು ಅತ್ತೆಯ ಮುಖ ನೋಡಿದಳು, ನಾನೂ ನೋಡಿದೆ. ಸ್ವಲ್ಪ ತಡವಾಯಿತು. ಮಾವಶಿ ಮಗನ ಹೆಸರು ಹೇಳಿದಳು.

ಕೋಣವನ್ನು ಹಿಂಡಿನಿಂದ ಬೇರೆ ಮಾಡಿದ್ದಾರೆ. ರಕ್ತದಲ್ಲಿ ಏನೂ ಇಲ್ಲದ ಎರಡೂ ಎಮ್ಮೆಗೆ ದಸರಾ ಆದಮೇಲೆ ಬೆದೆ ನೋಡಿ ಮುರ್ರಾ ವೀರ್ಯ ಕೊಟ್ಟು ಬಂದೆ. ಒಂದು ತಿರುಗಿದೆ, ಒಂದು ತಿರುಗಿಲ್ಲ. ರಾಣಿಗೆ ಈಗ ಏಳು ತಿಂಗಳು ದಾಟಿದೆ. ಹುಡುಗ ಅವಳಿಗೆ ಒಂದು ಸೇರು ಹುರುಳಿ ಹೆಚ್ಚೇ ಹಾಕುತ್ತಾನೆ, ಬೇಡವೆಂದರೂ ಕೇಳುವುದಿಲ್ಲ. ಹೊಲಿಗೆ ಹಾಕಿದ ದ್ವಾರವನ್ನು ಮರಿ ಹಾಕುವ ಮುಂಚೆ ಬಿಡಿಸಲೇಬೇಕು, ಇಲ್ಲದಿದ್ದರೆ ಹರಿದುಹೋಗುತ್ತದೆ. ಜನವರಿ ಕೊನೆಯ ವಾರಕ್ಕೆ ಡೈರಿಯಲ್ಲಿ ಗುರುತು ಹಾಕಿದ್ದೇನೆ. ಲಾಯದ ಗೋಡೆಯ ಮೇಲೆ ಇದ್ದಿಲಿನಲ್ಲಿ ಹುಡುಗನೂ ಅದೇ ತಾರೀಖು ಬರೆದುಕೊಂಡಿದ್ದಾನೆ.